ಹಿಂದಿನ ಬೆಂಚಿನಿಂದ

ಡೊವೆಂಗ್, ಜೋಸ್
ಶುಕ್ರವಾರ, ೧೪ ಅಕ್ಟೋಬರ್ ೨೦೧೧

ಮಗು ಚೋಜಿ,

ಅಂಗೈಯ ಸುಟ್ಟ ಗಾಯ ಒಣಗಿತಾ? ಚರ್ಮ ಎದ್ದರೆ ಕಿತ್ತುಹಾಕಬೇಡ, ತಾನಾಗಿ ಉದುರಲಿ. ಮಕುರ್ಡಿಯ ಸೆಕೆಗೆ ಕೀವು ಕಟ್ಟೀತು, ದಿನಾ ಉಪ್ಪುನೀರಲ್ಲಿ ತೊಳಿ. ನಾನು ಚೆನ್ನಾಗಿದ್ದೀನಿ. ಆಲೂಗಡ್ಡೆ ಅರ್ಧ ಕಿತ್ತಾಯ್ತು. ಸೊಂಟ ಹಿಡಿದಿದೆ, ಬಾಯಿ ಮಾತ್ರ ಹಿಡಿದಿಲ್ಲ. ಫೋನಲ್ಲಾದರೆ ನೀನು ಅಳ್ತೀಯ, ನಾನು ಕರಗ್ತೀನಿ. ಅದಕ್ಕೇ ಈ ಕಾಗದ ಬಸ್ಸಿನ ಡ್ರೈವರ್ ಕೈಲಿ ಕಳಿಸ್ತಿದ್ದೀನಿ.

ನಮ್ಮ ಚರ್ಚಿನ ಹಿರಿಯ ಚೊಲ್ಲೊಂ ನಿನ್ನನ್ನ ಸುಗ್ಗಿ ಆರಾಧನೆಗೆ ಕರೆದಿದ್ದಾರಂತೆ. ಗಲಭೆಯಲ್ಲಿ ಸಭೆಯನ್ನ ಕಾಪಾಡಿದ ಹುಡುಗರನ್ನೆಲ್ಲ ಮುಂದೆ ನಿಲ್ಲಿಸಿ ಪ್ರಾರ್ಥನೆ ಮಾಡ್ತಾರಂತೆ. ನೀನು ಹೊಸ ಅಂಗಿಯನ್ನೂ ತಗೊಂಡಿದ್ದೀಯಂತೆ. ಆ ಅಂಗಿ ಹಾಕ್ಕೊಂಡು ಇಲ್ಲಿಗೆ ಬರಬೇಡ. ದರ್ಜಿ ಸಬಿಯು ಅಜ್ಜನ ಅಂಗಡಿಗೆ ನೀವು ಐದು ಜನ ಬೆಂಕಿ ಇಟ್ಟಿರಿ, ಅಜ್ಜ ಒಳಗೇ ಸತ್ತ. ಒಳಗಿದ್ದದ್ದು ಗೊತ್ತಿರಲಿಲ್ಲ ಅಂತ ನನ್ನ ಹತ್ತಿರ ಅಂದೆ. ಹೊಲಿಗೆ ಯಂತ್ರದ ಸದ್ದು ರಸ್ತೆಗೆಲ್ಲ ಕೇಳ್ತಿತ್ತು ಅಂತ ಎದುರು ಮನೆಯವರು ಹೇಳ್ತಾರೆ.

ನಮ್ಮ ಸಭೆಯ ಶಿಸ್ತು ನಿನಗೆ ಗೊತ್ತೇ ಇದೆ. ಜೋಳದ ಹೆಂಡ ಕಾಯಿಸಿದ್ದಕ್ಕೆ ನಿನ್ನ ದೊಡ್ಡಮ್ಮ ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂತಳು. ಅವಳಿಗೆ ಪ್ರಭುಭೋಜನವೂ ಇಲ್ಲ, ಹಾಡೋಕೂ ಬಿಡಲಿಲ್ಲ. ಎರಡನೇ ಹೆಂಡತಿಯನ್ನ ತಂದ ದುಂಗ್ ಇನ್ನೂ ಅಲ್ಲೇ ಇದ್ದಾನೆ. ನಾನು ಹಿರಿಯರ ಹತ್ತಿರ ಹೋಗಿ, ನನ್ನ ಮಗನನ್ನೂ ಆ ಬೆಂಚಿಗೆ ಹಾಕಿ ಅಂದೆ. ಚೊಲ್ಲೊಂ ಶಿಸ್ತಿನ ಪುಸ್ತಕ ತೆರೆದು ಬೆರಳಿಟ್ಟು ಹುಡುಕಿದರು. "ಹೆಂಡ ಇದೆ, ವ್ಯಭಿಚಾರ ಇದೆ, ಇದು ಪಟ್ಟಿಯಲ್ಲಿಲ್ಲ ಕಣಮ್ಮ" ಅಂದರು. ನನಗೆ ಮೈ ಉರಿದುಹೋಯ್ತು. ಕೊಲ್ಲಬೇಡ ಅನ್ನೋದು ನಿಮ್ಮ ಪಟ್ಟಿಗಿಂತ ಹಳೇದು ಅಂದೆ. ಅದು ಯುದ್ಧಕ್ಕೆ ಅನ್ವಯಿಸಲ್ಲವಂತೆ. ಸೂಜಿ ಹಿಡಿದ ಮುದುಕನ ಮೇಲೆ ಯಾವ ಸೀಮೆ ಯುದ್ಧ ಹೇಳು.

ಆವತ್ತಿಂದ ನಿನ್ನ ಬದಲು ನಾನೇ ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ತಿದ್ದೀನಿ, ಮಹಿಳಾ ಸಂಘದ ಸಮವಸ್ತ್ರ ಹಾಕ್ಕೊಂಡೇ. ಅದನ್ನ ಹೊಲಿದವನು ಸಬಿಯು ಅಜ್ಜ. ನಲವತ್ತು ಹೆಂಗಸರ ಅಳತೆ ಅವನಿಗೆ ಬಾಯಿಪಾಠ. ನಾನು ದಪ್ಪ ಆದಾಗಲೆಲ್ಲ ಕೇಳದೆಯೇ ಎರಡು ಬೆರಳು ಅಗಲ ಜಾಸ್ತಿ ಬಿಡ್ತಿದ್ದ, ಯಾರಿಗೂ ಹೇಳ್ತಿರಲಿಲ್ಲ. ಅವನ ಹೊಲಿಗೆ ಮೈಮೇಲೆ ಇಟ್ಕೊಂಡು ನಿಮಗೆ ಚಪ್ಪಾಳೆ ತಟ್ಟೋಕೆ ನನಗಾಗಲ್ಲ. ಪಾಸ್ಟರ್ ಬಂದು "ಅಮ್ಮಾ, ಮುಂದೆ ಬನ್ನಿ, ಜನ ನೋಡ್ತಿದ್ದಾರೆ" ಅಂದರು. ನೋಡಲಿ ಅಂತಲೇ ಕೂತಿದ್ದೀನಿ ಅಂದೆ. ಪ್ರಭುಭೋಜನದ ರೊಟ್ಟಿಯ ತಟ್ಟೆ ಬಂದಾಗ ಬೇಡ ಅಂತ ತಲೆ ಆಡಿಸ್ತೀನಿ. ಅದು ಸುಲಭ ಅಂದ್ಕೋಬೇಡ, ಮದುವೆಯಾಗಿ ಬಂದಾಗಿಂದ ಒಂದು ಸಲವೂ ತಪ್ಪಿಸಿದವಳಲ್ಲ ನಾನು.

ಅಜ್ಜನ ಕಡೆಯ ಮುಸ್ಲಿಮರು ಮೊದಲು ನಮ್ಮವರ ಚರ್ಚು ಸುಟ್ಟರು ಅಂತೀಯ. ನಿಜ. ನಿನ್ನ ಸೋದರಮಾವ ಸತ್ತದ್ದು ಅಲ್ಲೇ, ಅವನ ಹೆಣ ತೊಳೆದವಳು ನಾನು, ನನಗೇ ಹೇಳೋಕೆ ಬರ್ತೀಯಾ? ಅದನ್ನ ಸುಟ್ಟವರು ಬೇರೆ ಯಾರೋ. ಸಬಿಯು ಅಜ್ಜ ಆವತ್ತು ನಮ್ಮನೆ ಜಗುಲಿ ಮೇಲೆ ಕೂತು ನನ್ನ ಜೊತೆ ಅತ್ತ. ಯೇಸುವನ್ನ ಹಿಡಿಯೋಕೆ ಬಂದಾಗ ಶಿಷ್ಯ ಪೇತ್ರನೂ ಕತ್ತಿ ಹಿರಿದ ಅಂತ ನನಗೆ ಪಾಠ ಹೇಳಿದೆ. ಹಿರಿದ. ಯೇಸು ಒಳಗಿಡು ಅಂದ, ಪೇತ್ರನ ಕತ್ತಿಗೆ ಕಿವಿ ಹೋದ ಆಳನ್ನ ಮುಟ್ಟಿ ವಾಸಿ ಮಾಡಿದ. ನೀವು ಹುಡುಗರು ಕತ್ತಿ ತನಕ ಓದಿ ಮುಚ್ಚಿಬಿಟ್ಟಿರಿ. ನಿನಗೆ ಅಕ್ಷರ ಕಲಿಸಿದವಳು ನಾನು, ಅಲ್ಲಿಗೇ ನಿಲ್ಲಿಸು ಅಂತ ಕಲಿಸಿರಲಿಲ್ಲ. ಪೇಟೆಯ ಚರ್ಚಿನವರು ಬಂದು, ಬೆಂಕಿ ಇಟ್ಟವರು ನಿಜವಾದ ಕ್ರೈಸ್ತರೇ ಅಲ್ಲ ಬಿಡಿ ಅಂತ ಸಮಾಧಾನ ಹೇಳಿದರು. ಅದೂ ನನಗೆ ಒಪ್ಪಿಗೆಯಿಲ್ಲ. ನೀವು ಮಾಡಿದ್ದು ಕ್ರಿಸ್ತನ ಮಾತಲ್ಲ, ಖಂಡಿತ ಅಲ್ಲ. ಆದರೆ ನಿಮ್ಮ ಐದೂ ಜನರಿಗೆ ದೀಕ್ಷಾಸ್ನಾನ ಕೊಟ್ಟದ್ದು ಈ ಸಭೆಯೇ, ನಿನ್ನನ್ನ ಹೆತ್ತದ್ದು ನಾನೇ. ಹಾಗೆಲ್ಲ ಸುಲಭವಾಗಿ ಕೈ ತೊಳ್ಕೊಳ್ಳೋಕೆ ಬರಲ್ಲ.

ಊಟ ಬಿಡಬೇಡ. ಅತ್ತೆಗೆ ನಾನು ಕೇಳಿದೆ ಅಂತ ಹೇಳು. ನೀನು ಎಲ್ಲಿ ಅಡಗಿದ್ದರೂ ದೇವರು ನಿನ್ನ ಮೇಲಿಂದ ಕಣ್ಣು ತೆಗೆಯದಿರಲಿ.

ನಿನ್ನ ಹೆತ್ತವಳು,
ಚುಂದುಂಗ್

ಇನ್ನೊಂದು ಮಾತು. ಮೊದಲೇ ಬರೆಯೋಕೆ ಕೈ ಬರಲಿಲ್ಲ. ಬರೋ ಗುರುವಾರ ಬೆಳಿಗ್ಗೆ ಸಬಿಯು ಅಜ್ಜನ ಹೆಂಡತಿ ಲಾರೈ ಜೊತೆ ಪೊಲೀಸ್ ಠಾಣೆಗೆ ಹೋಗ್ತಿದ್ದೀನಿ. ಐದೂ ಹೆಸರು ಬರೆದಿಟ್ಟಿದ್ದೀನಿ, ನಿನ್ನದೇ ಮೊದಲು. ಬುಧವಾರದೊಳಗೆ ಬಂದರೆ ನಿನ್ನ ಹೆಸರನ್ನ ಹೊಡೆದುಹಾಕ್ತೀನಿ, ನಿನ್ನ ಬಾಯಿಂದ ನೀನೇ ಹೇಳು. ಬರದಿದ್ದರೆ ನಾನು ಹೇಳ್ತೀನಿ.