ಎಲೆಅಡಿಕೆ ವಾಪಸು ಕೊಡು

ಸಿಂಗಪುರ, ಭಾನುವಾರ

ಸಾದೆಕ್ ಊರಿನಲ್ಲಿರುವ ಅಜ್ಜಿಗೆ ಮೊಮ್ಮಗಳ ನಮಸ್ಕಾರ.

ಶ್ಯಾವಿಗೆ ಅಂಗಡಿಯವರು ತಮ್ಮ ಮಗ ಖೊವಾಗೆ ನನ್ನನ್ನು ಕೇಳಿಕೊಂಡು ಬಂದರಂತೆ. ಅವರು ತಂದ ಎಲೆಅಡಿಕೆಯನ್ನು ನನ್ನನ್ನೊಂದು ಮಾತೂ ಕೇಳದೆ ನೀನು ತಗೊಂಡೆಯಂತೆ. "ಎಲೆ, ಅಡಿಕೆ, ಸುಣ್ಣ ಸೇರಿದರೆ ತಾನಾಗೇ ಕೆಂಪಾಗುತ್ತೆ, ಮದುವೇನೂ ಹಾಗೇ" ಅಂದೆಯಂತೆ. ಅಮ್ಮ ಫೋನಿನಲ್ಲಿ ಹೇಳಿದಳು.

ಇಲ್ಲಿ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ನನಗೆ ಕಾಣೋದೇ ಬೇರೆ. ಪುಟ್ಟ ಹುಳ ಬೆಳೆಯುವಾಗ ಅಕ್ಕಪಕ್ಕದ ಜೀವಕೋಶಗಳು ನಡುವಿನ ಪೊರೆ ಹರಿದು ಒಂದಾಗುತ್ತವೆ. ಹಾಗೆ ಮಾಡಿಸೋದು ಒಂದು ಪ್ರೋಟೀನು. ಅದು ಎರಡೂ ಕಡೆ ಇರಬೇಕು. ಒಂದೇ ಕಡೆ ಇದ್ದರೆ ಎಷ್ಟು ಒತ್ತಿಕೊಂಡು ಕೂತರೂ ಪೊರೆ ಜಗ್ಗೋದಿಲ್ಲ. ನಿನ್ನೆ ಆ ಪ್ರೋಟೀನೇ ಇಲ್ಲದ ಹುಳ ನೋಡಿದೆ. ಕುಳ್ಳಗಿತ್ತು, ಬಾಲ ಊದಿತ್ತು, ಆದರೂ ಗತ್ತಿನಲ್ಲಿ ಹರಿದಾಡುತ್ತಿತ್ತು. ಪಕ್ಕದ ಮೇಜಿನ ಜುರೈದಾ "ನಿನ್ನ ಥರಾನೇ ಕಣೇ" ಅಂದಳು. "ಹೌದು, ಏನೀಗ?" ಅಂದೆ.

ನನ್ನ ಕೆಮ್ಮು ವಾಸಿಯಾಗಿದೆ. ನಿನ್ನ ಮಂಡಿಗೆ ಎಣ್ಣೆ ಕಳಿಸಿದ್ದೇನೆ.

ಖೊವಾ ಒಳ್ಳೆಯವನೇ, ಅವನಲ್ಲಿ ಆ ಪ್ರೋಟೀನು ಇರಬಹುದು. ನನ್ನಲ್ಲಿಲ್ಲ. ಬೇಕಂತಲೇ ಲಕೋಟೆಯಿಲ್ಲದ ಪೋಸ್ಟ್‌ಕಾರ್ಡಿನಲ್ಲಿ ಬರೆದಿದ್ದೇನೆ, ಊರೆಲ್ಲ ಓದಲಿ. ಎಲೆಅಡಿಕೆ ವಾಪಸು ಕೊಟ್ಟುಬಿಡು. ಆಗಲೇ ಜಗಿದಿದ್ದರೆ, ಕೆಂಪಾಗಿರೋದು ನಿನ್ನ ಬಾಯಿ. ಮದುವೆಯೂ ನೀನೇ ಮಾಡಿಕೋ.

ನಿನ್ನ ಕುಳ್ಳಿ,
ಥುಯಿ