ಜೋರಾಗಿ ಕೆಡವಿದವನಿಗೆ ಬಹುಮಾನ

ಬ್ಯಾಲಿನ್‌ಕೊಲಿಗ್, ಕಾರ್ಕ್
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಯಜಮಾನರಿಗೆ, ನಿಮ್ಮ ಅನಸೂಯಾಳ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲಾ ನಾನಿಲ್ಲವೆಂದು ದಿನವೂ ಕಬಡ್ಡಿ ಅಂಕಣಕ್ಕೆ ಓಡುತ್ತಿದ್ದೀರಾ? ನಾನು ಆರಾಮ. ಮಗಳು ಅಪರ್ಣಾ ಮಾತ್ರ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಫೋನಿನಲ್ಲಿ ಹೇಳಹೋದರೆ ಅರ್ಧ ಮರೆತುಬಿಡುತ್ತೇನೆ. ಅದಕ್ಕೇ ಬರೆದು, ನಮ್ಮ ಮಗ ಸಂಪತ್‌ನ ಮೊಬೈಲಿಗೆ ಫೋಟೋ ಕಳಿಸುತ್ತಿದ್ದೇನೆ.

ಆಸ್ಪತ್ರೆಯ ಕೆಲಸದ ಜೊತೆಗೆ ನಿಮ್ಮ ಮಗಳು ಶನಿವಾರ ಒಂದು ರಗ್ಬಿ ಕ್ಲಬ್ಬಿಗೆ ಡಾಕ್ಟರಾಗಿ ಹೋಗುತ್ತಾಳಲ್ಲ, ನಿನ್ನೆ ನನ್ನನ್ನೂ ಕರೆದೊಯ್ದಿದ್ದಳು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಫುಟ್‌ಬಾಲ್ ಅದು. ಆಡುವವರಿಗೆ ಅದೇ ಸಂಬಳದ ಕೆಲಸ. ಈ ಕ್ಲಬ್ಬಿನ ಡಾರಾ ಎಂಬ ಆಟಗಾರ ಎದುರು ತಂಡದ ಕೀಲನ್‌ಗೆ ಓಡಿಬಂದು ಭುಜದಿಂದ ಗುದ್ದಿ, ತೋಳಿನಿಂದ ಅವುಚಿ ಕೆಡವಿದ. ಬಿದ್ದ ಕೀಲನ್ ಏಳಲಿಲ್ಲ. ಜನ ಎದ್ದುನಿಂತು ಕೇಕೆ ಹಾಕಿದರು, ರೀ! ಅಪರ್ಣಾ ಓಡಿದಳು. ಆಂಬುಲೆನ್ಸಿಗೆ ಹತ್ತಿಸುವಾಗ ಅವನಿಗೆ ತನ್ನ ಮಗಳ ಹೆಸರೇ ನೆನಪಾಗಲಿಲ್ಲವಂತೆ.

ಸಂಜೆ ಕ್ಲಬ್ಬಿನಲ್ಲಿ ಊಟವಿತ್ತು. ದೊಡ್ಡ ಪರದೆಯ ಮೇಲೆ ಅದೇ ಗುದ್ದನ್ನು ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ಕೀಲನ್‌ನ ತಲೆ ನೆಲಕ್ಕೆ ತಾಗುವ ಮುಂಚೆಯೇ ಚಿತ್ರ ನಿಲ್ಲುತ್ತಿತ್ತು. ಆಮೇಲೆ ಕೋಚ್ ಡಾರಾನನ್ನು ಕರೆದು, ವಾರದ ಅತಿ ಜೋರಿನ ಹೊಡೆತಕ್ಕೆಂದು ಸ್ಪೇನ್ ಪ್ರವಾಸದ ಬಹುಮಾನ ಕೊಟ್ಟರು. ಅಪರ್ಣಾ ಎದ್ದು, "ಉಳಿದದ್ದನ್ನೂ ತೋರಿಸಿ" ಅಂದಳು. ಕೋಚ್ ನಕ್ಕು, "ಅವನು ಆರಾಮಾಗಿರ್ತಾನೆ ಡಾಕ್ಟರ್, ಹೊಡೆತ ನಿಯಮದೊಳಗೇ ಇತ್ತು" ಅಂದರು. "ಕೆಡವೋದು ಆಟ, ಒಪ್ತೀನಿ. ಎಷ್ಟು ಜೋರಾಗಿ ಬಿದ್ದ ಅಂತ ಅಳೆದು ಬಹುಮಾನ ಕೊಡೋದು ಯಾವ ನಿಯಮ? ಇದು ನಿಲ್ಲೋವರೆಗೂ ನಾನು ಬರಲ್ಲ" ಎಂದು ಹೇಳಿ, ನನ್ನ ಕೈ ಹಿಡಿದು ಹೊರಬಂದಳು. ಇಂದು ಬೆಳಿಗ್ಗೆ ಕ್ಲಬ್ಬಿನಿಂದ ಒಂದೇ ಸಾಲಿನ ಉತ್ತರ: ಬೇರೆ ಡಾಕ್ಟರನ್ನು ನೋಡಿಕೊಳ್ಳುತ್ತಾರಂತೆ.

ಇಷ್ಟು ವರ್ಷ ಕಬಡ್ಡಿ ರೆಫರಿಯಾಗಿದ್ದವರು ನೀವು. ಹಿಡಿತಕ್ಕೆ ಪಾಯಿಂಟ್ ಕೊಟ್ಟಿದ್ದೀರಿ, ಮೂಳೆ ಮುರಿದದ್ದಕ್ಕೆ ಎಂದಾದರೂ ಕೊಟ್ಟಿದ್ದೀರಾ? ಮಗಳಿಗೆ ಫೋನ್ ಮಾಡಿ ಅವಳು ಮಾಡಿದ್ದು ಸರಿ ಅಂತ ನೀವೇ ಹೇಳಿ. ನನ್ನ ಮಾತು ಅವಳಿಗೆ ಅಮ್ಮನ ಮಾತು ಅಷ್ಟೇ. ಕೀಲನ್‌ಗೆ ಈಗ ಮಾತು ಸ್ಪಷ್ಟವಾಗಿದೆಯಂತೆ. ಸಂಪತ್‌ಗೆ ಆಶೀರ್ವಾದ. ಕಾಲು ಜೋಪಾನ.

ನಿಮ್ಮ
ಅನಸೂಯಾ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಡಾರಾ ಮನೆಗೇ ಬಂದಿದ್ದಾನೆ. ಜಗಳಕ್ಕೆ ಬಂದನೆಂದು ಹೆದರಿದ್ದೆ. ಸೋಫಾದ ಅಂಚಿನಲ್ಲಿ ಕೂತು, ಬೇಸಿಗೆಯಿಂದ ತನಗೂ ತಲೆನೋವು, ಬೆಳಕು ನೋಡಲಾಗುವುದಿಲ್ಲ, ಹೇಳಿದರೆ ಕಾಂಟ್ರಾಕ್ಟ್ ಹೋಗುತ್ತದೆಂದು ಬಾಯಿಬಿಟ್ಟಿಲ್ಲ ಎಂದು ಅತ್ತ. ಗುದ್ದಿದವನ ತಲೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅಪರ್ಣಾ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಾಳೆ. ಅವಳು ಫೋನ್ ಎತ್ತದಿದ್ದರೆ ಗಾಬರಿಯಾಗಬೇಡಿ.