ಕರಡಿಗೆಯೊಳಗಿನ ಕಲ್ಲು

ರಾಯಾಪುರ,
೩೦ ಜುಲೈ ೨೦೨೫, ಬುಧವಾರ

ಚಿ. ಸೌ. ದಾಕ್ಷಾಯಿಣಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಗಟ್ಟಿಯಾಗಿದ್ದೇವೆ. ಪ್ರವಾಸದಿಂದ ಬಂದು ತಿಂಗಳು ದಾಟಿದರೂ ಬರೆಯಲಿಲ್ಲ, ಸಿಟ್ಟಾಗಬೇಡ. ಮುಗದದ ಸಾಲೆಯಿಂದ ನಾಲ್ಕನೆಯ ಇಯತ್ತೆಗೇ ಬಿಡಿಸಿಕೊಂಡು ಬಂದವಳ ಅಕ್ಷರ ಎಷ್ಟು ಓಡೀತು? ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಮ್ಮ ಅಮರೇಶ ಅದನ್ನು ದೊಡ್ಡ ದನಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾನೆ. ನಾನು ಕೆಮ್ಮಿದರೂ ಮನೆಯೆಲ್ಲ ಕೇಳಬೇಕು. ಈ ಮಾತು ನಿನಗೊಬ್ಬಳಿಗೆ.

ಹತ್ತಿ ವ್ಯಾಪಾರಸ್ಥರೆಲ್ಲ ಸೇರಿ ಟರ್ಕಿ ದೇಶಕ್ಕೆ ಹೋದದ್ದು, ಅಮರೇಶ ನನ್ನನ್ನೂ ಹೊರಡಿಸಿದ್ದು ನಿನಗೆ ಗೊತ್ತು. ಗಿರಣಿ ನೋಡುವ ಕೆಲಸ ಎರಡು ದಿನಕ್ಕೆ ಮುಗಿಯಿತು. ಮೂರನೆಯ ದಿನ ಸಮುದ್ರ ತೋರಿಸುತ್ತೇನೆಂದು ನನ್ನನ್ನೂ ಸೊಸೆಯನ್ನೂ ಮೊಮ್ಮಗಳು ಐಶ್ವರ್ಯಾಳನ್ನೂ ನಸುಕಿನಲ್ಲೇ ಎಬ್ಬಿಸಿ ದೋಣಿ ಹತ್ತಿಸಿದ. ದೋಣಿಯವನು ಒಂದು ಸಣ್ಣ ದಂಡೆಗೆ ಇಳಿಸಿ, ಸಂಜೆ ನಾಲ್ಕಕ್ಕೆ ಬರುತ್ತೇನೆಂದು ಹೊರಟೇ ಹೋದ. ಮುಂದೆ ನೀರು, ಹಿಂದೆ ಗೋಡೆಯಂಥ ಗುಡ್ಡ. ನಮ್ಮನ್ನು ಬಿಟ್ಟರೆ ಮನುಷ್ಯರ ಸುಳಿವಿಲ್ಲ. ಗುಡ್ಡದ ನಡುವಿಗೆ ಕ್ರಿಸ್ತರ ಹಳೆಯ ಗುಡಿ, ಅಲ್ಲಿಯತನಕ ಮೆಟ್ಟಿಲು. ಅದರಾಚೆ ದಾರಿಯೇ ಇಲ್ಲ. ಸಾವಿರ ವರ್ಷದ್ದು, ಹತ್ತು ಬಾ ಎಂದ ಅಮರೇಶ. ನನ್ನ ಮೊಣಕಾಲು ಅದಕ್ಕಿಂತ ಹಳೆಯವು, ನೀವೇ ಹೋಗಿ ಬನ್ನಿ ಎಂದೆ.

ಕೆಳಗಿನಿಂದಲೇ ಕೈ ಮುಗಿದೆ. ಗುಮ್ಮಟ ಅರ್ಧ ಬಿದ್ದಿತ್ತು. ಒಳಗೆ ಗೋಡೆಯ ಮೇಲೆ ಅವರ ಶರಣರ ಚಿತ್ರಗಳಿವೆ, ಕಣ್ಣುಗಳನ್ನು ಯಾರೋ ಕೆರೆದು ತೆಗೆದಿದ್ದಾರೆ ಎಂದು ಸೊಸೆ ಆಮೇಲೆ ಹೇಳಿದಳು. ಛಲೋ ಆಯಿತು ಅಂದುಕೊಂಡೆ. ಅವರಾದರೂ ನನ್ನನ್ನು ನೋಡಲಿಲ್ಲ.

ಅಂದು ನನ್ನ ಲಿಂಗಪೂಜೆ ಆಗಿರಲಿಲ್ಲ. ಪೂಜೆಗೆಂದು ತಂದ ನೀರಿನ ಬಾಟಲಿ ಸೊಸೆಯ ಚೀಲದಲ್ಲಿ ಮೇಲೆ ಹೋಗಿತ್ತು. ಇಷ್ಟು ದೊಡ್ಡ ನೀರು ಮುಂದಿರುವಾಗ ಬಾಟಲಿಯೇಕೆ ಎಂದು ನೀರಿನಂಚಿನ ಬಂಡೆಯ ಮೇಲೆ ಕುಳಿತೆ. ಕೊರಳ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರೆರೆದೆ. ಮೇಲಿನಿಂದ ಐಶ್ವರ್ಯಾ ಕೂಗಿದಳು, ತಲೆಯೆತ್ತಿದೆ. ಅಷ್ಟರಲ್ಲಿ ಒಂದು ತೆರೆ ಬಂತು. ದೊಡ್ಡದೇನಲ್ಲ, ಎಮ್ಮೆ ಕೆರೆಗೆ ಇಳಿದರೆ ಏಳುವಷ್ಟು. ತಿರುಗಿ ನೋಡಿದರೆ ಅಂಗೈ ಬರಿದು.

ದಾಕ್ಷಿ, ಆ ದಂಡೆಯಲ್ಲಿ ಉಸುಕಿಲ್ಲ. ಬರೀ ಕಲ್ಲು. ಕರಿಯವು, ದುಂಡನೆಯವು, ಒಂದೊಂದೂ ಲಿಂಗದಷ್ಟೇ. ನೀರಿನಿಂದ ಎತ್ತಿದಾಗ ನನ್ನದೇ ಅನ್ನಿಸುವುದು, ಕೈಯಲ್ಲಿ ಒಣಗಿದರೆ ಬೂದಿ ಬಣ್ಣ. ಐಶ್ವರ್ಯಾ ಇಳಿದು ಬಂದು, "ಅಜ್ಜಿ, ಏನ ಹುಡಕಾಕತ್ತಿ?" ಎಂದಳು. "ನಿನಗ ಆಡಾಕ ಕಲ್ಲ" ಅಂದೆ. ಕೂಸು ಖರೆ ಎಂದು ನಂಬಿ ಉಡಿ ತುಂಬ ಆರಿಸಿ ತಂದು ಸುರಿಯಿತು. ಅದರಲ್ಲೂ ನನ್ನದಿರಲಿಲ್ಲ. ಒಂದನ್ನು ಕರಡಿಗೆಯೊಳಗೆ ಹಾಕಿ ಮುಚ್ಚಿದೆ. ಊಟ ಒಲ್ಲೆ, ಹೊಟ್ಟೆ ಸರಿಯಿಲ್ಲ ಎಂದು ದೋಣಿ ಬರುವತನಕ ಕುಳಿತೆ.

ಇಲ್ಲಿಯೂ ಹಾಗೆಯೇ ಕುಳಿತಿದ್ದೇನೆ. ದಿನಾ ಮುಂಜಾನೆ ದೇವರ ಮನೆಯ ಕದ ಹಾಕಿಕೊಂಡು ಆ ಕಲ್ಲನ್ನು ಎದುರಿಗಿಡುತ್ತೇನೆ. ಪೂಜಿಸಲು ಮನಸ್ಸು ಬರುವುದಿಲ್ಲ, ಏಳಲು ಧೈರ್ಯವಿಲ್ಲ. ಹೊರಗೆ ಕೇಳಬೇಕಲ್ಲ, ಗಂಟೆ ಬಾರಿಸುತ್ತೇನೆ. ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊಳ್ಳೋಣವೆಂದರೆ ಒಬ್ಬಳನ್ನೇ ಬಿಡುವವರಿಲ್ಲ; ಅಮರೇಶ ಕಾರು ತೆಗೆದು ನಿಲ್ಲುತ್ತಾನೆ. ಅವನಿಗೆ ಯಾವ ಬಾಯಿಂದ ಹೇಳಲಿ? ಪೂಜೆಗೆ ಮೊದಲು ಚಹಾ ಕುಡಿದಳೆಂದು ಅವನ ಹೆಂಡತಿಯನ್ನು ವರ್ಷಗಟ್ಟಲೆ ಚುಚ್ಚಿದವಳು ನಾನು. ಲಿಂಗ ಕಳೆದುಕೊಂಡವರು ಇನ್ನೊಂದು ಬರುವತನಕ ನೀರೂ ಮುಟ್ಟಬಾರದೆಂದು ಓಣಿಗೆಲ್ಲ ತೀರ್ಪು ಕೊಟ್ಟವಳೂ ನಾನೇ.

ಬರುವ ಹನ್ನೊಂದಕ್ಕೆ, ಶ್ರಾವಣ ಸೋಮವಾರ, ಐಶ್ವರ್ಯಾಳಿಗೆ ದೀಕ್ಷೆ. ಸ್ವಾಮಿಗಳು ಮನೆಗೇ ಬರುತ್ತಾರೆ. ಎಲ್ಲರೂ ಸಾಲಾಗಿ ಕುಳಿತು ತಮ್ಮ ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಬೇಕು, ಹಿರಿಯಳೆಂದು ಮೊದಲು ನಾನು. ಅವರಿಗೆ ಕಲ್ಲಿನ ಗುರುತು ಹತ್ತದೆ ಇದ್ದೀತೇ? ಬಾಗಲಕೋಟೆಯಲ್ಲಿ ನಿನಗೆ ಪರಿಚಯದ ಮಠವಿದೆ. ಅಲ್ಲಿಂದ ಒಂದು ಲಿಂಗ ತಂದು ಯಾರಿಗೂ ಕಾಣದಂತೆ ನನ್ನ ಕೈಗಿಡು. ಲಗೂ ಬಾ.

ಅಳಿಯಂದಿರಿಗೆ ಶರಣು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ ಅವ್ವ,
ಶಿವಬಸವ್ವ

ತಾ.ಕ.: ನಿನ್ನೆ ಬರೆದದ್ದನ್ನು ಮುಂಜಾನೆ ಓದಿದೆ. ಒಂದು ಮಾತು ನುಂಗಿಕೊಂಡಿದ್ದೆ. ಆ ದಂಡೆಯಲ್ಲಿ ಬಿಸಿಲು ನೆತ್ತಿಗೇರಿದಾಗ ಸೊಸೆ ಅದೇ ಪೂಜೆಯ ಬಾಟಲಿ ಹಿಡಿದು, "ಅತ್ತಿ, ಒಂದ ಗುಟುಕರ ಕುಡೀರಿ, ತುಟಿ ಒಣಗ್ಯಾವ" ಎಂದಳು. ಕುಡಿದೆ. ಗುಟುಕಲ್ಲ, ಬಾಟಲಿ ಪೂರ್ತಿ. ಲಿಂಗ ಹೋಗಿ ನಾಲ್ಕು ತಾಸೂ ಆಗಿರಲಿಲ್ಲ.

ನಿನಗೆ ಹನ್ನೊಂದು ವರ್ಷವಿದ್ದಾಗಿನ ಮಾತು. ನನ್ನ ತವರು ಮುಗದದ ಕೆರೆಯಲ್ಲಿ ಅರಿವೆ ಒಗೆಯುವಾಗ ನಿನ್ನ ಕೊರಳ ದಾರ ಹರಿದು ಲಿಂಗ ನೀರಿಗೆ ಬಿತ್ತು. ಪರಸ್ಥಳಕ್ಕೆ ಹೋಗಿದ್ದ ಸ್ವಾಮಿಗಳು ಬರುವತನಕ ಒಂದು ಹಗಲು ಒಂದು ರಾತ್ರಿ ನಿನಗೆ ನೀರು ಕೊಡಲಿಲ್ಲ. "ಅವ್ವಾ, ಒಂದ ಗುಟುಕ" ಎಂದು ನೀನು ಹೊಸ್ತಿಲ ಮೇಲೆ ಕುಳಿತು ಬೇಡಿದೆ. ನಾನು ಕೊಡವನ್ನೇ ಎತ್ತಿ ಒಳಗಿಟ್ಟೆ.

ಮದುವೆಯಾದ ಮೇಲೆ ನೀನು ಈ ಮನೆಗೆ ಬಂದಾಗಲೆಲ್ಲ ನಿನ್ನ ಬಾಟಲಿ ನೀನೇ ತರುತ್ತಿ. ಅದನ್ನು ನಿನ್ನ ಠೀವಿ ಎಂದು ಎಲ್ಲರೆದುರು ಆಡಿಕೊಂಡೆ. ಯಾಕೆಂದು ನನಗೆ ಮೊದಲಿನಿಂದಲೂ ಗೊತ್ತು.

ಲಿಂಗ ತರಬೇಡ. ದೀಕ್ಷೆಯ ಸೋಮವಾರ ಎಲ್ಲರ ಮುಂದೆ ಕರಡಿಗೆ ತೆರೆದು ಕಲ್ಲು ತೋರಿಸುತ್ತೇನೆ, ನೀರು ಕುಡಿದದ್ದನ್ನೂ ಹೇಳುತ್ತೇನೆ. ಐಶ್ವರ್ಯಾಳ ಕೊರಳ ದಾರವೂ ಒಂದು ದಿನ ಹರಿದೀತು. ಆಗ ಆ ಕೂಸು ನೀರು ಕೇಳಲು ಅಂಜಬಾರದು. ನೀನು ಬಾ. ನಿನ್ನ ಬಾಟಲಿ ತಾ. ನನ್ನ ಕೊಡದ ನೀರು ಕುಡಿ ಎಂದು ಕೇಳಲು ನನಗೆ ಬಾಯಿಲ್ಲ. ನಿನ್ನದರಲ್ಲಿ ನನಗೊಂದು ಗುಟುಕು ಕೊಟ್ಟರೆ ಕೊಡು. ಕೊಡದಿದ್ದರೂ ಬಾ, ನನ್ನೆದುರಿಗೆ ಕುಳಿತು ಕುಡಿ.